ಕೋಳಿ ಬಗ್ಗೆ ಮಾತಾಡೋಕೆ ಮೂರು ಮೊಟ್ಟೆ ಸಾಕು

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ. ಇನ್ನು 5 ವಾರಕ್ಕೆ ಮಕ್ಕಳ ಸ್ಪರ್ಧೆಯೊಂದಿದೆ. ಅದರಲ್ಲಿ ಕೋಳಿ ಸಾಕಣೆ ಬಗ್ಗೆ 8 ನಿಮಿಷ ಮಾತಾಡಬೇಕು, ಏನಾದರೂ ಮಾಡಿ ತೋರಿಸಲೂಬಹುದು. ತಳಿ, ಮೇವು, ರೋಗ, ಗೂಡು ಅಂತ ಅವಳು 12 ಪುಟ ಬರೆದಿದ್ದಾಳೆ. ಬಾಯಿಪಾಠ ಮಾಡುತ್ತಾಳೆ, ನಡುವೆ ಮರೆತರೆ ಅಳುತ್ತಾಳೆ. ನಾನೇ ಚಿಕ್ಕದಾಗಿ ಬರೆದುಕೊಡಲಾ?

ಉತ್ತರ: ದಯವಿಟ್ಟು ಬೇಡ. ದೊಡ್ಡವರು ಬರೆದುಕೊಟ್ಟ ಮಾತು ಮಕ್ಕಳ ಬಾಯಲ್ಲಿ ಎರಡೇ ನಿಮಿಷಕ್ಕೆ ಸಿಕ್ಕಿಬೀಳುತ್ತದೆ. ತೀರ್ಪುಗಾರರು ಒಂದು ಪ್ರಶ್ನೆ ಕೇಳಿದರೆ ಮುಗೀತು. ನಿಮ್ಮ ಮಗಳಿಗೆ ವಿಷಯ ಗೊತ್ತಿಲ್ಲ ಅಂತಲ್ಲ, ಜಾಸ್ತಿಯೇ ಗೊತ್ತಿದೆ. ಆದರೆ 8 ನಿಮಿಷದಲ್ಲಿ ಇಡೀ ಕೋಳಿ ಹಿಡಿಸೋದಿಲ್ಲ. ಅವಳು ಕೈಯಲ್ಲಿ ಮಾಡಿ ತೋರಿಸಬಹುದಾದ ಒಂದೇ ಒಂದು ಸಂಗತಿ ಆರಿಸಿಕೊಳ್ಳಲಿ.

ಆಯ್ಕೆ ಅವಳದೇ. ಆದರೂ ಒಂದು ಉದಾಹರಣೆ ಕೊಡುತ್ತೇನೆ: 'ಈ ಮೊಟ್ಟೆ ಹೊಸದಾ, ಹಳೆಯದಾ?' ಬೇಕಾಗಿರೋದು ಗಾಜಿನ ಅಗಲ ಪಾತ್ರೆ, ನೀರು, ಮೂರು ಮೊಟ್ಟೆ. ಹೊಸ ಮೊಟ್ಟೆ ತಳಕ್ಕೆ ಹೋಗಿ ಅಡ್ಡ ಮಲಗುತ್ತದೆ. ಸ್ವಲ್ಪ ಹಳೆಯದು ತಳದಲ್ಲೇ ಇದ್ದು, ಅಗಲ ತುದಿ ಮೇಲೆ ಮಾಡಿ ಎದ್ದು ನಿಲ್ಲುತ್ತದೆ. ತುಂಬಾ ಹಳೆಯದು ತೇಲುತ್ತದೆ. ಮೂರನೆಯದು ಮೇಲೆ ಬಂದಾಗ ನೋಡುವವರ ಕತ್ತು ತಾನಾಗಿಯೇ ಮುಂದೆ ಬಾಗುತ್ತದೆ.

ಅಲ್ಲಿ ಒಂದು ಕ್ಷಣ ನಿಲ್ಲಿಸಿ ಅವಳು 'ಯಾಕೆ?' ಅಂತ ಕೇಳಬೇಕು. ಭಾಷಣದ ತಿರುಳೇ ಅದು. ಕೋಳಿಯ ಮೈಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್. ಇಟ್ಟ ಮೊಟ್ಟೆ ಹೊರಗೆ ತಣ್ಣಗಾದಂತೆ ಒಳಗಿನದು ಕುಗ್ಗಿ, ಅಗಲ ತುದಿಯಲ್ಲಿ ಸಣ್ಣ ಗಾಳಿಗೂಡು ಆಗುತ್ತದೆ. ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ತೂತುಗಳಿವೆ. ದಿನ ಕಳೆದಂತೆ ಅವುಗಳಿಂದ ತೇವ ಹೊರಗೆ ಹೋಗುತ್ತದೆ, ಗಾಳಿ ಒಳಗೆ ಬರುತ್ತದೆ, ಗೂಡು ದೊಡ್ಡದಾಗುತ್ತದೆ. ಹೀಗೆ ಮೊಟ್ಟೆ ಹಗುರಾಗುತ್ತಾ ಹೋಗಿ ಕೊನೆಗೆ ತೇಲುತ್ತದೆ. ಕತ್ತಲಲ್ಲಿ ಅಗಲ ತುದಿಗೆ ಟಾರ್ಚ್ ಹಿಡಿದರೆ ಆ ಗೂಡೇ ಕಾಣುತ್ತದೆ. ಬಿಳಿ ಚಿಪ್ಪಿನ ಮೊಟ್ಟೆಯಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ಇಷ್ಟನ್ನು ಅವಳು ಅವಳದೇ ಮಾತಲ್ಲಿ ಹೇಳಲಿ, ನೀವು ತಿದ್ದಲು ಹೋಗಬೇಡಿ. ಒಂದನ್ನು ಮಾತ್ರ ಸರಿಯಾಗಿ ಹೇಳಿಸಿ: ತೇಲಿದ್ದು ಹಳೆಯದು ಅಂತ ಅರ್ಥ, ಕೊಳೆತೇ ಹೋಗಿದೆ ಅಂತಲ್ಲ. ಕೊಳೆತಿದೆಯಾ ಅನ್ನೋದು ಒಡೆದಾಗ ಮೂಗಿಗೆ ಗೊತ್ತಾಗುತ್ತದೆ. ಆದರೆ ವೇದಿಕೆ ಮೇಲೆ ಒಡೆಯೋದು ಬೇಡ!

ಇದಕ್ಕೆ ಇವತ್ತೇ ಕೆಲಸ ಶುರುವಾಗಬೇಕು. ಹಳೆಯ ಮೊಟ್ಟೆ ಹಿಂದಿನ ದಿನ ಹುಡುಕಿದರೆ ಸಿಗೋದಿಲ್ಲ. ಇವತ್ತು ನಾಲ್ಕು ಮೊಟ್ಟೆ ತೆಗೆದು ಪೆನ್ಸಿಲ್‌ನಿಂದ ತಾರೀಕು ಬರೆದು ಎತ್ತಿಡಿ. ಎರಡು ವಾರ ಬಿಟ್ಟು ಇನ್ನು ನಾಲ್ಕು. ಫ್ರಿಜ್‌ನಲ್ಲಿ ಬೇಡ, ಅಲ್ಲಿ ಮೊಟ್ಟೆ ನಿಧಾನವಾಗಿ ಹಳತಾಗುತ್ತದೆ. ಎಲ್ಲಾ ಮೊಟ್ಟೆಯೂ ಹೇಳಿದ ದಿನಕ್ಕೆ ತೇಲೋದಿಲ್ಲ, ಅದಕ್ಕೇ ನಾಲ್ಕು. ಹಿಂದಿನ ರಾತ್ರಿ ನೀರಿಗೆ ಹಾಕಿ ಪರೀಕ್ಷೆ ಮಾಡಿಕೊಳ್ಳಲಿ. ನಾನೊಮ್ಮೆ ನೋಡಿದ ಸ್ಪರ್ಧೆಯಲ್ಲಿ ಹುಡುಗನ 'ಹಳೆಯ' ಮೊಟ್ಟೆ ಹಾಯಾಗಿ ತಳದಲ್ಲಿ ಮಲಗಿಬಿಟ್ಟಿತ್ತು. ಪಾಪ, ಅವನ ಮುಖ ಇನ್ನೂ ನೆನಪಿದೆ.

ಅಭ್ಯಾಸವನ್ನು ನಿಜವಾದ ನೀರು, ನಿಜವಾದ ಮೊಟ್ಟೆ ಇಟ್ಟುಕೊಂಡೇ ಮಾಡಿಸಿ. ಕೈ ಕೆಲಸ ಮಾಡುವಾಗ ಬಾಯಿ ಸುಮ್ನೆ ಆಗೋದು ಮಕ್ಕಳ ದೊಡ್ಡ ತೊಂದರೆ. ಮೊಟ್ಟೆ ಇಳಿಸುತ್ತಾ 'ಈಗ ಅಡ್ಡ ಮಲಗಿತು, ನೋಡಿ' ಅಂತ ಅಂದರೂ ಸಾಕು. ಚೀಟಿಯಲ್ಲಿ ಪೂರ್ತಿ ವಾಕ್ಯ ಬೇಡ, ನಾಲ್ಕೈದು ಪದ ಇರಲಿ. ಬಾಯಿಪಾಠ ಇದ್ದರೆ ಮೊದಲ ಎರಡು ವಾಕ್ಯ ಮಾತ್ರ ಇರಲಿ. ಚಾರ್ಟ್ ಮಾಡುವುದಾದರೆ ಒಂದೇ ಚಿತ್ರ, ಹಿಂದಿನ ಸಾಲಿಗೂ ಕಾಣುವಷ್ಟು ದೊಡ್ಡದು. ಕೊನೆಯಲ್ಲಿ ಕೈ ತೊಳೆಯೋದನ್ನೂ ತೋರಿಸಲಿ. ಚಿಪ್ಪಿನ ಮೇಲೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು ಅನ್ನೋ ಮಾತು ಅಲ್ಲಿ ತಾನಾಗಿ ಬರುತ್ತದೆ.

ಜೀವಂತ ಕೋಳಿ ಒಯ್ಯಬೇಕಾ? ನನ್ನ ಕೇಳಿದರೆ ಬೇಡ. ಗದ್ದಲಕ್ಕೆ ಅದು ಬೆದರುತ್ತದೆ, ಅದನ್ನು ನೋಡಿ ಇವಳೂ ಬೆದರುತ್ತಾಳೆ.

ಆ 12 ಪುಟ ಹರಿದು ಹಾಕಬೇಡಿ. ತೀರ್ಪುಗಾರರ ಪ್ರಶ್ನೆಗೆ ಅವೇ ಬೇಕು. ಊಟದ ಹೊತ್ತಿಗೆ ನೀವೇ ತೀರ್ಪುಗಾರರಾಗಿ ಕೇಳಿ. ಹುಂಜ ಇಲ್ಲದೆ ಹೇಂಟೆ ಮೊಟ್ಟೆ ಇಡುತ್ತದಾ? ಇಡುತ್ತದೆ, ಮರಿ ಆಗೋದಿಲ್ಲ ಅಷ್ಟೇ. ಕಾವಿಗೆ ಇಟ್ಟರೆ ಮರಿ ಎಷ್ಟು ದಿನಕ್ಕೆ? ಸುಮಾರು 21 ದಿನ. ಕಂದು ಮೊಟ್ಟೆಯಲ್ಲಿ ಸತ್ವ ಜಾಸ್ತಿನಾ? ಇಲ್ಲ, ಚಿಪ್ಪಿನ ಬಣ್ಣ ತಳಿಯಿಂದ ಬರುತ್ತದೆ. ಹೊಟ್ಟೆಯೊಳಗೆ ಒಂದು ಮೊಟ್ಟೆ ಆಗೋಕೆ ಎಷ್ಟು ಹೊತ್ತು? ಸುಮಾರು 25 ಗಂಟೆ, ಅದರಲ್ಲಿ 20 ಗಂಟೆ ಚಿಪ್ಪಿಗೇ. ನಡುನಡುವೆ ಅವಳಿಗೆ ಬಾರದ ಪ್ರಶ್ನೆಯನ್ನೂ ಒಂದು ಎಸೆಯಿರಿ. 'ಅದು ನನಗೆ ಗೊತ್ತಿಲ್ಲ, ತಿಳಿದುಕೊಳ್ಳುತ್ತೇನೆ' ಅಂತ ತಲೆ ಎತ್ತಿ ಹೇಳೋದಕ್ಕೂ ಅಭ್ಯಾಸ ಬೇಕು, ಅಲ್ವಾ?