ಜ್ಯೂರಿ ಇದ್ದಿದ್ದರೆ ದೊಡ್ಡವರು, ಬಡವರು ಒಂದೇ ಆಗುತ್ತಿದ್ದರೇ?

ಪ್ರಶ್ನೆ: ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿ ನಮ್ಮಂಥ ಸಾಮಾನ್ಯ ಜನರೇ ಜ್ಯೂರಿಯಲ್ಲಿ ಕೂತು ತೀರ್ಪು ಕೊಡುತ್ತಾರಂತೆ. ಇಲ್ಲೂ ಹಾಗಿದ್ದರೆ ದೊಡ್ಡವರಿಗೊಂದು, ಬಡವರಿಗೊಂದು ನ್ಯಾಯ ಇರುತ್ತಿರಲಿಲ್ಲ ಅಲ್ವಾ?
– ಓದುಗರೊಬ್ಬರು, ತಿಪಟೂರು

ಉತ್ತರ: ಇತ್ತು ಸ್ವಾಮಿ, ನಮ್ಮಲ್ಲೂ ಜ್ಯೂರಿ ಇತ್ತು. ನಾನು ಕರಿಕೋಟು ಹಾಕಿದ ಹೊಸದರಲ್ಲಿ ಬಾರ್ ರೂಮಿನ ಹಿರಿಯರು ಚಹಾ ಕುಡಿಯುತ್ತಾ ನಾನಾವತಿ ಕೇಸು ಶುರು ಮಾಡಿದರೆ ಮಧ್ಯಾಹ್ನವೇ ಮುಗಿದುಹೋಗುತ್ತಿತ್ತು.

1959ರ ಏಪ್ರಿಲ್ 27, ಬೊಂಬಾಯಿ. ಕಮಾಂಡರ್ ಕವಾಸ್ ನಾನಾವತಿ ನೌಕಾಪಡೆಯ ಅಧಿಕಾರಿ. ಕೆಲಸ ಐಎನ್‌ಎಸ್ ಮೈಸೂರು ಹಡಗಿನಲ್ಲಿ (ಹೆಸರು ಮಾತ್ರ ನಮ್ಮದು, ಕಥೆ ಅವರದು). ಹೆಂಡತಿಗೆ ಪ್ರೇಮ್ ಅಹುಜಾ ಎಂಬ ವ್ಯಾಪಾರಿಯ ಜೊತೆ ಸಂಬಂಧ ಇದೆ ಅಂತ ಅವಳ ಬಾಯಿಂದಲೇ ತಿಳಿಯಿತು. ಹೆಂಡತಿ ಮಕ್ಕಳನ್ನು ಸಿನಿಮಾಕ್ಕೆ ಬಿಟ್ಟ. ಸುಳ್ಳು ನೆಪ ಹೇಳಿ ಹಡಗಿನಿಂದ ರಿವಾಲ್ವರ್ ತಗೊಂಡ. ಅಹುಜಾನ ಮಲಗುವ ಕೋಣೆಗೆ ನುಗ್ಗಿದ. ಮೂರು ಗುಂಡು. ಆಮೇಲೆ ತಾನೇ ಹೋಗಿ ಪೊಲೀಸರಿಗೆ ಶರಣಾದ.

ಇಬ್ಬರೂ ಕಿತ್ತಾಡಿದಾಗ ಆಕಸ್ಮಿಕವಾಗಿ ಗುಂಡು ಹಾರಿತು ಅನ್ನೋದು ಆರೋಪಿ ಕಡೆಯ ವಾದ. ಆದರೆ ಅಹುಜಾ ಆಗಷ್ಟೇ ಸ್ನಾನ ಮುಗಿಸಿ ಬಂದಿದ್ದ, ಸೊಂಟಕ್ಕೆ ಟವೆಲ್ ಮಾತ್ರ ಸುತ್ತಿದ್ದ. ಹೆಣದ ಮೇಲೆ ಆ ಟವೆಲ್ ಇದ್ದ ಹಾಗೇ ಇತ್ತು, ಸಡಿಲವೂ ಆಗಿರಲಿಲ್ಲ. ಜೀವ ಹೋಗುವಂತೆ ಗುದ್ದಾಡಿದವನ ಟವೆಲ್ ನಿಲ್ಲುತ್ತದೆಯೇ? ಜ್ಯೂರಿಯ ಒಂಬತ್ತು ಜನರಲ್ಲಿ ಎಂಟು ಜನ ಅದನ್ನು ನುಂಗಿಕೊಂಡು ‘ನಿರ್ದೋಷಿ’ ಅಂದರು.

ಯಾರೂ ಲಂಚ ಕೊಟ್ಟಿರಬೇಕಿಲ್ಲ. ಕಣ್ಣೆದುರು ಬಿಳಿ ಸಮವಸ್ತ್ರ, ಎದೆ ಮೇಲೆ ಪದಕ. ಸತ್ತವನು ಶೋಕಿಲಾಲ, ಕಂಡವರ ಸಂಸಾರ ಕೆಡಿಸಿದವನು. ‘ಬ್ಲಿಟ್ಜ್’ ಪತ್ರಿಕೆ ವಾರವಾರವೂ ನಾನಾವತಿಯನ್ನು ಹೀರೋ ಮಾಡಿತು. 25 ಪೈಸೆಯ ಪ್ರತಿ ಎರಡು ರೂಪಾಯಿಗೆ ಹೋಯಿತು. ಕಟಕಟೆಯಲ್ಲಿ ಈ ಅಧಿಕಾರಿಯ ಬದಲು ಅದೇ ಹಡಗಿನ ಅಡುಗೆಯವನು ನಿಂತಿದ್ದರೆ ಟವೆಲ್ ಬಗ್ಗೆ ಯಾರಾದರೂ ಕೇಳದೆ ಬಿಡುತ್ತಿದ್ದರೇ? ನನಗಂತೂ ನಂಬಿಕೆ ಇಲ್ಲ.

ಸೆಷನ್ಸ್ ಜಡ್ಜ್ ರತಿಲಾಲ್ ಮೆಹ್ತಾ ಈ ತೀರ್ಪು ಒಪ್ಪದೆ ಹೈಕೋರ್ಟಿಗೆ ಕಳಿಸಿದರು. ಅಲ್ಲಿ ಜೀವಾವಧಿ ಆಯಿತು. 1961ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು. ಆದರೂ 1964ರಲ್ಲಿ ರಾಜ್ಯಪಾಲೆ ವಿಜಯಲಕ್ಷ್ಮಿ ಪಂಡಿತ್ ಕ್ಷಮಾದಾನ ಕೊಟ್ಟರು, ಮನುಷ್ಯ ಆಮೇಲೆ ಕೆನಡಾಕ್ಕೆ ಹೋಗಿ ನೆಲೆಸಿದ. ಅಂತಸ್ತು ಜ್ಯೂರಿ ಪೆಟ್ಟಿಗೆಯಲ್ಲಿ ಮಾತ್ರ ಕೂತಿರುತ್ತದೆ ಅಂದುಕೊಳ್ಳಬೇಡಿ.

ಕೂತವರು ಯಾರು ಅನ್ನೋದೂ ಅಷ್ಟೇ ಮುಖ್ಯ. ಅದೇ ಬೊಂಬಾಯಿಯಲ್ಲಿ 1897ರಲ್ಲಿ ಟಿಳಕರ ಮೇಲೆ ರಾಜದ್ರೋಹದ ಕೇಸು ನಡೆಯಿತು. ಜ್ಯೂರಿಯ ಆರು ಯುರೋಪಿಯನ್ನರು ‘ತಪ್ಪಿತಸ್ಥ’ ಅಂದರು, ಮೂವರು ಭಾರತೀಯರು ‘ಅಲ್ಲ’ ಅಂದರು.

ನಾನಾವತಿ ಕೇಸಿನಿಂದಲೇ ಜ್ಯೂರಿ ಹೋಯಿತು ಅನ್ನೋದು ಪೂರ್ತಿ ನಿಜವಲ್ಲ. 1958ರಲ್ಲೇ ಜ್ಯೂರಿ ತೆಗೆದುಹಾಕಿ ಅಂತ ಕಾನೂನು ಆಯೋಗ ಹೇಳಿತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಜಾಗವೇ ಸಿಗಲಿಲ್ಲ. ವಾಪಸ್ ಬರಲಿ ಅಂತ ನಾನು ಕೇಳುವವನಲ್ಲ. ಜಡ್ಜ್‌ಗೂ ಮುಲಾಜು ಇರಬಹುದು, ಆದರೆ ಅವರು ಕಾರಣ ಬರೆಯಲೇಬೇಕು. ಆ ಹಾಳೆ ಹಿಡಿದುಕೊಂಡು ಮೇಲಿನ ಕೋರ್ಟಿಗೆ ಹೋಗಬಹುದು. ಆ ಎಂಟು ಜನ ಒಂದು ಸಾಲನ್ನೂ ಬರೆಯಬೇಕಾಗಿರಲಿಲ್ಲ.