ಹಳಿಗೆ ಬಣ್ಣ ಮೊದಲೋ, ಜಲ್ಲಿ ಮೊದಲೋ?

ಮನೆಯಲ್ಲಿ ಪುಟ್ಟ ರೈಲುದಾರಿ ಕಟ್ಟುವವರ ಪತ್ರಗಳು ಈ ಸಲ ಜಾಸ್ತಿ ಬಂದಿವೆ. ಮುಂಬೈ, ಪುಣೆ, ಗೋವಾ ಎಲ್ಲ ಕಡೆಯಿಂದಲೂ. ಹೆಚ್ಚಿನವರ ತಕರಾರು ಹಳಿಯ ಬಗ್ಗೆಯೇ, ಹಾಗಾಗಿ ಈ ಸಂಚಿಕೆ ಪೂರ್ತಿ ಅದಕ್ಕೇ.

ಪ್ರಶ್ನೆ: ಆರಡಿ-ನಾಲ್ಕಡಿ ಪ್ಲೈವುಡ್ ಮೇಲೆ ಎಚ್‌ಒ ಅಳತೆಯ ಹಳಿ ಹಾಕಿದ್ದೇನೆ ಸರ್. ಗಾಡಿ ಚೆನ್ನಾಗಿ ಓಡುತ್ತದೆ, ಆದರೆ ನೋಡಿದರೆ ಆಟಿಕೆ ಅನ್ನಿಸುತ್ತದೆ. ಜಲ್ಲಿ ಹಾಕಿದರೆ ಸಾಕಾ, ಬಣ್ಣವೂ ಹಚ್ಚಬೇಕಾ? ಯಾವುದು ಮೊದಲು?
– ಡೊಂಬಿವಲಿಯ ಓದುಗರು

ಉತ್ತರ: ಬಣ್ಣ ಮೊದಲು, ಜಲ್ಲಿ ಆಮೇಲೆ. ಜಲ್ಲಿ ಬಿದ್ದ ಮೇಲೆ ಹಳಿಯ ಪಕ್ಕಕ್ಕೆ ಕುಂಚ ಸರಿಯಾಗಿ ಹೋಗುವುದಿಲ್ಲ, ಹೋದರೂ ಕಲ್ಲಿಗೆಲ್ಲ ಕಂದು ಮೆತ್ತಿಕೊಳ್ಳುತ್ತದೆ. ಎರಡಕ್ಕೂ ಮುಂಚೆ ಇನ್ನೊಂದು ಕೆಲಸ ಇದೆ. ವೈರ್‌ಗಳ ಸೋಲ್ಡರಿಂಗ್ ಎಲ್ಲ ಮುಗಿಸಿ, ಎಲ್ಲ ಹಳಿಯ ಮೇಲೂ ಗಾಡಿ ಓಡಿಸಿ, ಎಲ್ಲಿ ತಡವರಿಸುತ್ತದೆ, ಎಲ್ಲಿ ಹಳಿ ತಪ್ಪುತ್ತದೆ ಅಂತ ನೋಡಿ ಸರಿಮಾಡಿ. ಬಣ್ಣ ಹಚ್ಚಿದ ಹಳಿಗೆ ಸೋಲ್ಡರ್ ಹಿಡಿಯುವುದಿಲ್ಲ, ಮತ್ತೆ ಕೆರೆಯುತ್ತಾ ಕೂರಬೇಕು.

ಬಣ್ಣ ಹಚ್ಚಲೇಬೇಕಾ ಅಂದರೆ, ನನ್ನ ಪ್ರಕಾರ ಜಲ್ಲಿಗಿಂತ ಅದೇ ಮುಖ್ಯ. ಒಂದು ಲೆಕ್ಕ ಹೇಳುತ್ತೇನೆ. ಅಂಗಡಿಯಲ್ಲಿ ಸಿಗುವ ಕೋಡ್ 100 ಅನ್ನುವ ಬಗೆಯ ಹಳಿಯ ಎತ್ತರ ಸುಮಾರು 2.5 ಮಿ.ಮೀ. ಎಚ್‌ಒ ಅಂದರೆ 87ರಲ್ಲಿ ಒಂದು ಪಾಲು, ಅಲ್ವಾ? ಗುಣಿಸಿದರೆ 22 ಸೆಂ.ಮೀ. ಆಯಿತು. ನಮ್ಮ ರೈಲ್ವೆಯ ಮೀಟರಿಗೆ 60 ಕೆ.ಜಿ. ತೂಗುವ ಹಳಿಯ ಎತ್ತರ 17.2 ಸೆಂ.ಮೀ. ಅಷ್ಟೇ. ಅಂದರೆ ನಿಮ್ಮ ಹಳಿ ಇರಬೇಕಾದ್ದಕ್ಕಿಂತ ಎತ್ತರ, ಅದರ ಮೇಲೆ ಮೇಲಿಂದ ಕೆಳಗಿನವರೆಗೆ ಬೆಳ್ಳಿಯ ಹಾಗೆ ಹೊಳೆಯುತ್ತದೆ. ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಪಕ್ಕಕ್ಕೆ ಮಂಕು ಕಂದು ಹಚ್ಚಿ ನೆತ್ತಿಯನ್ನು ಮಾತ್ರ ಹೊಳೆಯಲು ಬಿಟ್ಟರೆ ಆ ಎತ್ತರ ಮಾಯವಾಗುತ್ತದೆ.

ಯಾವ ಕಂದು ಅಂತ ಪುಸ್ತಕದಲ್ಲಿ ಹುಡುಕಬೇಡಿ. ನೀವು ದಿನಾ ಲೋಕಲ್ ಹಿಡಿಯುವವರು, ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತು ನೋಡಿ (ಹಳಿಗೆ ಇಳಿಯಬೇಡಿ ಮಾರಾಯ್ರೇ, ಅಪಾಯವೂ ಹೌದು, ಅಪರಾಧವೂ ಹೌದು). ತುಕ್ಕು ಅಂದ ತಕ್ಷಣ ಎಲ್ಲರೂ ಕಿತ್ತಳೆಗೆ ಕೈ ಹಾಕುತ್ತಾರೆ. ದಿನಾ ನೂರಾರು ಗಾಡಿ ಓಡುವ ಹಳಿಯ ಪಕ್ಕ ಹಾಗಿರುವುದಿಲ್ಲ. ಬ್ರೇಕಿನ ಪುಡಿ, ಎಣ್ಣೆ, ಧೂಳು ಎಲ್ಲ ಸೇರಿ ಕಾಫಿ ಬಣ್ಣಕ್ಕೆ ತಿರುಗಿರುತ್ತದೆ. ಅಕ್ರಿಲಿಕ್‌ನಲ್ಲಿ ಬರ್ಂಟ್ ಅಂಬರ್ ಹೆಚ್ಚು ಭಾಗ, ಸ್ವಲ್ಪ ಕಪ್ಪು, ಚಿಟಿಕೆಯಷ್ಟು ಬರ್ಂಟ್ ಸಿಯೆನ್ನಾ. ಕಿತ್ತಳೆ ಛಾಯೆ ಬೇಕೇ ಬೇಕು ಅಂದರೆ ಗಾಡಿ ಅಪರೂಪಕ್ಕೆ ಹೋಗುವ ಸೈಡಿಂಗ್‌ಗೆ ಇಟ್ಟುಕೊಳ್ಳಿ.

ಹಚ್ಚುವಾಗ ಚಿಕ್ಕ ಚಪ್ಪಟೆ ಕುಂಚ ತೆಗೆದುಕೊಂಡು, ಬಣ್ಣದಲ್ಲಿ ಅದ್ದಿ, ಡಬ್ಬಿಯ ಅಂಚಿಗೆ ಒರೆಸಿ, ಹಳಿಯ ಪಕ್ಕಕ್ಕೆ ಅಡ್ಡಲಾಗಿ ಇಟ್ಟು ಉದ್ದಕ್ಕೆ ಎಳೆಯಿರಿ. ಸ್ಲೀಪರಿಗೆ (ಹಳಿಯ ಕೆಳಗಿನ ಅಡ್ಡಪಟ್ಟಿಗೆ) ಹಳಿ ಕಚ್ಚಿಕೊಂಡಿರುವ ಆ ಸಣ್ಣ ಕ್ಲಿಪ್ಪುಗಳ ಮೇಲೂ ಬಣ್ಣ ಹರಿಯಲಿ, ನಿಜದಲ್ಲೂ ಅವು ತುಕ್ಕು ಹಿಡಿದೇ ಇರುತ್ತವೆ. ಒಂದು ಗೇಣು ಹಚ್ಚಿ ನಿಲ್ಲಿಸಿ. ಐಸ್‌ಕ್ರೀಮ್ ಕಡ್ಡಿಗೆ ಹತ್ತಿ ಬಟ್ಟೆ ಸುತ್ತಿ, ಒಂದು ಹನಿ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ, ನೆತ್ತಿಯನ್ನು ಒಂದೇ ಎಳೆತಕ್ಕೆ ಒರೆಸಿ. ಒಣಗಲು ಬಿಟ್ಟರೆ ಉಜ್ಜಿ ಉಜ್ಜಿ ಕೈ ನೋಯುತ್ತದೆ, ಬಿಟ್ಟ ಕಲೆ ಕರೆಂಟ್ ತಡೆಯುತ್ತದೆ.

ಸ್ಲೀಪರಿಗೆ ಯಾವ ಬಣ್ಣ ಅನ್ನುವುದು ನೀವು ಯಾವ ಕಾಲ ತೋರಿಸುತ್ತೀರಿ ಅನ್ನುವುದರ ಮೇಲಿದೆ. ಇವತ್ತಿನ ಮುಖ್ಯ ಲೈನು ಅಂದರೆ ಕಾಂಕ್ರೀಟ್ ಸ್ಲೀಪರು, ಹಾಗಾಗಿ ತಿಳಿ ಬೂದಿ, ಹಳಿಯ ಹತ್ತಿರ ಸ್ವಲ್ಪ ಕಂದು ಕಲೆ. ಉಗಿಬಂಡಿಯ ಕಾಲವಾದರೆ ಬಿಸಿಲಿಗೆ ಬೆಳ್ಳಗಾದ ಮರ.

ಪ್ರಶ್ನೆ: ಹೊರದೇಶದ ಜಲ್ಲಿ ಪ್ಯಾಕೆಟ್ ತುಂಬಾ ದುಬಾರಿ. ಇಲ್ಲಿ ಕಟ್ಟಡದ ಕೆಲಸಕ್ಕೆ ತರುವ ಕ್ರಶ್ ಸ್ಯಾಂಡ್ ಹಾಕಬಹುದೇ?
– ಹಡಪ್ಸರ್, ಪುಣೆ

ಉತ್ತರ: ಹಾಕಿ, ಸುಮ್ನೆ ಯಾಕೆ ದುಡ್ಡು ದಂಡ. ಪುಣೆ ಸುತ್ತಮುತ್ತ ಒಡೆಯುವುದು ಕರಿಕಲ್ಲನ್ನೇ, ಅಂದರೆ ದಖ್ಖನ್ನಿನ ಬಸಾಲ್ಟ್. ನಿಜವಾದ ರೈಲುದಾರಿಗೆ ನಿಮ್ಮ ಕಡೆ ಬೀಳುವುದೂ ಅದೇ ಕಲ್ಲು. ಪ್ಯಾಕೆಟ್ಟಿನ ಯಾವ ಬಣ್ಣವೂ ಇದರಷ್ಟು ಸರಿಹೊಂದುವುದಿಲ್ಲ.

ಆದರೆ ಗಾತ್ರ ನೋಡಿಕೊಳ್ಳಿ, ಹೆಚ್ಚಿನವರು ಎಡವುವುದು ಇಲ್ಲೇ. ರೈಲ್ವೆಯ ಜಲ್ಲಿ ಅಂದರೆ ಹೆಚ್ಚುಕಡಿಮೆ 20ರಿಂದ 65 ಮಿ.ಮೀ. ಒಳಗಿನ ಕಲ್ಲು. ಎಚ್‌ಒಗೆ ಇಳಿಸಿದರೆ ಕಾಲು ಮಿ.ಮೀ.ನಿಂದ ಮುಕ್ಕಾಲು ಮಿ.ಮೀ. ಎರಡು ಮಿ.ಮೀ. ಕಲ್ಲು ಹಾಕಿದಿರೋ, ಹಳಿಯ ನಡುವೆ ತೆಂಗಿನಕಾಯಿ ಸುರಿದ ಹಾಗೆ. ಟೀ ಸೋಸುವ ಜರಡಿಯಲ್ಲಿ ಒಮ್ಮೆ ಸೋಸಿ ದಪ್ಪ ಕಲ್ಲು ಬಿಸಾಡಿ, ಕೆಳಗೆ ಬಿದ್ದದ್ದನ್ನು ಮೈದಾ ಜರಡಿಯಲ್ಲಿ ಆಡಿಸಿ ಪುಡಿ ಬೇರೆ ಮಾಡಿ. ಪುಡಿಯನ್ನೂ ಎಸೆಯಬೇಡಿ, ಹಳಿ ಪಕ್ಕದ ಕಾಲುದಾರಿಗೆ ಬರುತ್ತದೆ. ಆಮೇಲೆ ನೀರಲ್ಲಿ ಬಣ್ಣ ಬಿಡುವುದು ನಿಲ್ಲುವವರೆಗೆ ತೊಳೆದು ಒಣಗಿಸಿ. ಜರಡಿ ಮತ್ತೆ ಅಡುಗೆಮನೆಗೆ ಕೊಡಬೇಡಿ, ಹೊಸದೇ ತನ್ನಿ.

ಇನ್ನೊಂದು ಮಾತು, ಇದು ನಿಮ್ಮ ಕಡೆಯವರಿಗೇ ವಿಶೇಷವಾಗಿ. ಬಸಾಲ್ಟ್‌ನಲ್ಲಿ ಮ್ಯಾಗ್ನೆಟೈಟ್ ಇರುತ್ತದೆ, ಅಂದರೆ ಅಯಸ್ಕಾಂತಕ್ಕೆ ಅಂಟುವ ಕರಿ ಕಣ. ಎಂಜಿನ್ನಿನ ಮೋಟರ್ ಅದನ್ನು ಎಳೆದುಕೊಂಡರೆ ಗೇರು ಕೆಡುತ್ತದೆ. ಹಳೇ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಒಣಗಿದ ಜಲ್ಲಿಯಲ್ಲಿ ನಿಧಾನಕ್ಕೆ ಆಡಿಸಿ. ಚೀಲಕ್ಕೆ ಗಡ್ಡದ ಹಾಗೆ ಕಟ್ಟಿಕೊಂಡದ್ದನ್ನು ಬೇರೆ ಕಡೆ ಉದುರಿಸಿ, ಏನೂ ಅಂಟದೇ ಬರುವವರೆಗೆ ಮತ್ತೆ ಮತ್ತೆ. ಕಡಲ ಮರಳು ಮಾತ್ರ ಬೇಡ, ಕಣ ಗುಂಡಗೆ, ಉಪ್ಪು ಬೇರೆ.

ಸಾಧ್ಯವಾದರೆ ಕೋಥ್ರೂಡ್‌ನಲ್ಲಿರುವ ಜೋಶಿಯವರ ಮಿನಿಯೇಚರ್ ರೈಲ್ವೆ ಮ್ಯೂಸಿಯಂಗೆ ಒಂದು ಸಲ ಹೋಗಿ ಬನ್ನಿ. ಓಡುವ ಗಾಡಿ ನೋಡುವುದು ಎಲ್ಲರೂ ಮಾಡುತ್ತಾರೆ, ನೀವು ಹಳಿ ನೋಡಿ.

ಪ್ರಶ್ನೆ: ಜಲ್ಲಿ ಹಾಕಿ ಫೆವಿಕಾಲ್ ನೀರು ಬಿಟ್ಟೆ. ಹನಿ ಬಿದ್ದಲ್ಲೆಲ್ಲ ಗುಂಡಿ, ಪಕ್ಕದಲ್ಲಿ ಗುಡ್ಡೆ. ಮೂರು ದಿನವಾದರೂ ಒಳಗೆ ಬೆಳ್ಳಗೇ ಇದೆ. ಅಂಟು ಕೆಟ್ಟಿದೆಯೇ?
– ಚೆಂಬೂರು, ಮುಂಬೈ

ಉತ್ತರ: ಅಂಟು ಚೆನ್ನಾಗಿಯೇ ಇದೆ. ಒಣ ಕಲ್ಲಿನ ಮೇಲೆ ನೀರಿನ ಹನಿ ಒಳಗೆ ಇಳಿಯದೆ ಗುಂಡಗೆ ನಿಂತು, ಕಲ್ಲುಗಳನ್ನೇ ತನ್ನ ಕಡೆ ಎಳೆದುಕೊಳ್ಳುತ್ತದೆ. ಅದಕ್ಕೇ ಮೊದಲು ಕಲ್ಲನ್ನು ನೆನೆಸಬೇಕು. ಒಣ ಜಲ್ಲಿಯನ್ನು ಕುಂಚದಲ್ಲಿ ಸರಿಸಿ, ಸ್ಲೀಪರಿನ ನೆತ್ತಿಗಿಂತ ಕೂದಲೆಳೆಯಷ್ಟು ಕೆಳಗೆ ನಿಲ್ಲಿಸಿ. ಸ್ಲೀಪರ್ ಮೇಲೆ ಬಿದ್ದ ಕಾಳನ್ನೂ, ಹಳಿಯ ಒಳಪಕ್ಕಕ್ಕೆ ಆತುಕೊಂಡದ್ದನ್ನೂ ತೆಗೆಯಿರಿ, ಅದೊಂದು ಕಾಳು ಸಾಕು ಗಾಲಿ ಎತ್ತಿಹಾಕಲು. ಅಂಟು ಹಾಕಿದ ಮೇಲೆ ಸರಿಮಾಡೋಣ ಅಂದರೆ ಆಗುವುದಿಲ್ಲ. ಆಮೇಲೆ ಅರ್ಧ ನೀರು, ಅರ್ಧ ಐಸೋಪ್ರೊಪೈಲ್ ಬೆರೆಸಿ ಎತ್ತರದಿಂದ ಮಂಜಿನಂತೆ ಸಿಂಪಡಿಸಿ. ಕಿಟಕಿ ತೆಗೆದಿರಲಿ, ದೇವರ ದೀಪ, ಗ್ಯಾಸ್ ಒಲೆ ಹತ್ತಿರದಲ್ಲಿ ಬೇಡ. ಅದು ಸಿಗದಿದ್ದರೆ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ಕಲ್ಲು ಪೂರ್ತಿ ಒದ್ದೆಯಾದ ಮೇಲೆ ಒಂದು ಭಾಗ ಬಿಳಿ ಫೆವಿಕಾಲ್, ಎರಡು ಭಾಗ ನೀರು ಬೆರೆಸಿ ಡ್ರಾಪರಿನಲ್ಲಿ ಸ್ಲೀಪರುಗಳ ನಡುವೆ ಬಿಡಿ. ತಾನಾಗಿ ಹರಡಿಕೊಳ್ಳುತ್ತದೆ. ವಾಟರ್‌ಪ್ರೂಫ್ ಬಗೆಯ ಅಂಟು ತರಬೇಡಿ. ಮಾಮೂಲಿಯದಾದರೆ ನಾಳೆ ಮನಸ್ಸು ಬದಲಾದಾಗ ಬಿಸಿನೀರು ಹಾಕಿ ಹಳಿ ಕಿತ್ತುಕೊಳ್ಳಬಹುದು.

ಬೆಳ್ಳಗಿದೆ ಅಂದರೆ ಒಣಗಿಲ್ಲ ಅಂತಲೇ. ಈ ಅಂಟು ಒಣಗಿದಾಗ ಮಾತ್ರ ಪಾರದರ್ಶಕ. ಜುಲೈ ತಿಂಗಳ ಮುಂಬೈಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇದು ಹೇಗೆ ಒಣಗಬೇಕು? ಸೀಲಿಂಗ್ ಫ್ಯಾನ್ ಹಾಕಿ ಬಿಟ್ಟುಬಿಡಿ, ಮುಟ್ಟಿ ಮುಟ್ಟಿ ನೋಡಬೇಡಿ. ಉಳಿದ ಅಂಟಿನ ನೀರನ್ನು ಬಾಟಲಿಯಲ್ಲಿ ಇಡಬೇಡಿ, ಬೂಷ್ಟು ಹಿಡಿಯುತ್ತದೆ. ಮಳೆಗಾಲ ಮುಗಿದ ಮೇಲೆ ಈ ಕೆಲಸ ಇಟ್ಟುಕೊಳ್ಳುವುದೇ ಒಳ್ಳೆಯದು.

ಪ್ರಶ್ನೆ: ಜಲ್ಲಿ ಅಂಟಿಸಿದ ಮೇಲೆ ಪಾಯಿಂಟ್ (ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜಾಗ) ಆಡುತ್ತಲೇ ಇಲ್ಲ. ಇನ್ನೊಂದು, ನಮ್ಮ ಕಡೆಯ ಹಳಿ ಪುಣೆಯ ಹಾಗೆ ಕಪ್ಪಗಿಲ್ಲವಲ್ಲ?
– ವಾಸ್ಕೋ, ಗೋವಾ

ಉತ್ತರ: ಆಡುವ ನಾಲಿಗೆಯ ಕೆಳಗೆ ಅಂಟು ಹರಿದಿದೆ. ಜೋರಾಗಿ ತಳ್ಳಿದರೆ ಮುರಿಯುತ್ತದೆ. ಬಿಸಿನೀರನ್ನು ಡ್ರಾಪರಿನಲ್ಲಿ ಬಿಟ್ಟು ಕಾಲು ಗಂಟೆ ಕಾದು, ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಕಲ್ಲು ಬಿಡಿಸಿ. ಕರೆಂಟ್ ಆಫ್ ಮಾಡಿಕೊಂಡೇ ಮಾಡಿ. ನಾಲಿಗೆ ಮತ್ತು ಅದನ್ನು ಎಳೆಯುವ ಪಟ್ಟಿಯ ಹತ್ತಿರ ಜಲ್ಲಿಯನ್ನೇ ಹಾಕಬೇಡಿ, ಆ ಜಾಗಕ್ಕೆ ಜಲ್ಲಿಯ ಬಣ್ಣವನ್ನು ಬಳಿದರೆ ಸಾಕು, ಯಾರಿಗೂ ಗೊತ್ತಾಗುವುದಿಲ್ಲ. ನಾಲಿಗೆ ಹಳಿಗೆ ತಾಗುವ ಜಾಗಕ್ಕೆ ಮಾತ್ರ ಬಣ್ಣ ಬೀಳಬಾರದು, ಎಷ್ಟೋ ಪಾಯಿಂಟ್‌ಗಳಲ್ಲಿ ಕರೆಂಟ್ ಹೋಗುವುದೇ ಅಲ್ಲಿಂದ.

ಬಣ್ಣದ ವಿಷಯ ನೀವು ಹೇಳಿದ್ದು ಸರಿ. ಗೋವಾದ್ದು ಕೆಂಪು ಜಂಬಿಟ್ಟಿಗೆ ಮಣ್ಣು, ಅದರ ಧೂಳು ಎಲ್ಲದರ ಮೇಲೂ ಕೂರುತ್ತದೆ. ಮುರ್ಮುಗೋವಾ ಬಂದರಿನಿಂದ ಕಲ್ಲಿದ್ದಲು ಹೊರುವ ಗಾಡಿಗಳು ಕುಳೆ, ಕ್ಯಾಸಲ್ ರಾಕ್ ಕಡೆ ಹೋಗುತ್ತವೆ, ಆ ಲೈನಿಗೆ ಸ್ವಲ್ಪ ಕರಿ ಪುಡಿಯೂ ಸೇರಬೇಕು. ಅಂಟು ಒಣಗಿದ ಮೇಲೆ ಕೆಂಪು ಮಣ್ಣನ್ನೇ ವಸ್ತ್ರಗಾಳಿತ ಮಾಡಿ, ಮೆತ್ತನೆಯ ಕುಂಚದಲ್ಲಿ ಅಂಚಿಗೆ ಜಾಸ್ತಿ, ನಡುವೆ ಕಡಿಮೆ ಉದುರಿಸಿ.

ಪ್ರಶ್ನೆ: ಸ್ಟೇಷನ್ನಿನ ಒಳಗೂ ಜಲ್ಲಿ ಹಾಕಬೇಕಾ?
– ಮಾಟುಂಗಾ

ಉತ್ತರ: ದೊಡ್ಡ ಸ್ಟೇಷನ್ ಆದರೆ ಎಲ್ಲ ಲೈನಿಗೂ ಬೇಡ. ದೂರದ ಗಾಡಿ ನಿಲ್ಲುವ ಎಷ್ಟೋ ಪ್ಲಾಟ್‌ಫಾರ್ಮ್‌ಗಳಲ್ಲಿ ತೊಳೆಯಲು ಅನುಕೂಲ ಅಂತ ಕಾಂಕ್ರೀಟ್ ಹಾಸಿರುತ್ತಾರೆ, ನೋಡಿದ್ದೀರಲ್ಲ. ತೆಳು ಕಾರ್ಡ್‌ಬೋರ್ಡ್ ಕತ್ತರಿಸಿ ಹಳಿಯ ನಡುವೆ ಕೂರಿಸಿ, ಕೊಳಕು ಬೂದಿ ಬಳಿಯಿರಿ.

ಪ್ರಶ್ನೆ: ನಮ್ಮದು ಒಂದೇ ಕೋಣೆ, ಅದಕ್ಕೆ ಎನ್ ಸ್ಕೇಲ್. ಇದೇ ಜಲ್ಲಿ ಆಗುತ್ತದಾ?
– ಬೊರಿವಲಿ

ಉತ್ತರ: ಎನ್ ಅಂದರೆ 160ರಲ್ಲಿ ಒಂದು ಪಾಲು, ಅತಿ ದೊಡ್ಡ ಕಲ್ಲೂ 0.4 ಮಿ.ಮೀ. ಮೀರಬಾರದು. ಹಡಪ್ಸರ್‌ನವರಿಗೆ ಹೇಳಿದ ಜಲ್ಲಿಯನ್ನೇ ಇನ್ನೂ ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿ. ಅಂಟಿಗೆ ನೀರು ಇನ್ನೊಂದು ಭಾಗ ಜಾಸ್ತಿ ಇರಲಿ, ಇಲ್ಲದಿದ್ದರೆ ಸಣ್ಣ ಕಣಗಳ ನಡುವೆ ಇಳಿಯದೆ ಮೇಲೇ ನಿಂತು ಹೊಳೆಯುತ್ತದೆ. ಹೊಳೆದರೂ ಗಾಬರಿ ಬೇಡ. ಹಳಿಯ ನೆತ್ತಿಗೆ ಟೇಪ್ ಅಂಟಿಸಿ ಮ್ಯಾಟ್ ವಾರ್ನಿಶ್ ತೆಳುವಾಗಿ ಹೊಡೆದರೆ ಹೋಗುತ್ತದೆ.