ಎರೆಹುಳ ಓಡಿಹೋಗ್ತಿದ್ರೆ ಔಷಧಿ ಕೇಳಬೇಡಿ

ಪ್ರಶ್ನೆ: ಮಳೆ ಹಿಡಿದ ಮೇಲೆ ಎರೆಗೊಬ್ಬರದ ಬಕೆಟ್‌ನ ಹುಳಗಳೆಲ್ಲ ಮೇಲೆ ಹತ್ತಿ ಮುಚ್ಚಳಕ್ಕೆ ಅಂಟಿಕೊಳ್ಳುತ್ತಿವೆ. ಕೆಲವು ಸತ್ತಿವೆ, ನಾತ ಬೇರೆ. ಹೋದ ವಾರ ಒಂದೇ ಸಲ ತುಂಬಾ ಹಲಸಿನ ಸಿಪ್ಪೆ ಹಾಕಿದ್ದೆ. ಯಾವ ಔಷಧಿ ಹಾಕಲಿ? (ಮೂಡಿಗೆರೆ)

ಉತ್ತರ: ಪ್ರತಿ ಮಳೆಗಾಲ ಇದೇ ಪ್ರಶ್ನೆ. ಔಷಧಿ ಯಾವುದೂ ಇಲ್ಲ ಮಾರಾಯ್ರೆ. ಅಂಗಡಿಯವರು ಕೊಡುವ ಪುಡಿಯೂ ಬೇಡ, ಪಕ್ಕದ ಮನೆಯವರು ಹೇಳಿದ ಸುಣ್ಣವೂ ಬೇಡ.

ಎರೆಹುಳ ಉಸಿರಾಡೋದು ಚರ್ಮದಿಂದ. ಹಾಗಾಗಿ ಅದಕ್ಕೆ ತೇವ ಬೇಕು, ಆದರೆ ಸಂದುಸಂದಿನಲ್ಲೂ ನೀರು ತುಂಬಿಕೊಂಡರೆ ಗಾಳಿ ಸಿಗದೆ ಮೇಲೆ ಹತ್ತುತ್ತದೆ. ಒಳಗಿನಿಂದ ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ ನೋಡಿ. ಒಂದೆರಡು ಹನಿ ಬಂದರೆ ಸರಿ. ಬೆರಳ ಸಂದಿಯಿಂದ ಕಪ್ಪು ನೀರು ಧಾರೆಯಾಗಿ ಇಳಿದು ಹುಳಿ ವಾಸನೆ ಬಂದರೆ ಒಳಗೆ ಗೊಬ್ಬರ ಆಗ್ತಿಲ್ಲ, ಕೊಳೀತಿದೆ.

ಹಲಸಿನ ಸಿಪ್ಪೆ ಒಂದೇ ಸಲ ಅಷ್ಟು ಹಾಕಿದ್ದು ಯಾಕೆ? ಅದು ಹುಳಿತು ಬಿಸಿಯಾಗುತ್ತದೆ. ಒಂದು ಕೆಜಿ ಹುಳ ಎಲ್ಲ ಸರಿಯಿದ್ದಾಗ ದಿನಕ್ಕೆ ಸುಮಾರು ಅರ್ಧ ಕೆಜಿ ತಿನ್ನಬಹುದು. ನಿಮ್ಮ ಬಕೆಟ್‌ನಲ್ಲಿ ಕಾಲು ಕೆಜಿ ಹುಳ ಇದ್ದರೆ ಜಾಸ್ತಿ. ಅದರ ಮೇಲೆ ನಮ್ಮ ಮಲೆನಾಡಿನ ಜುಲೈ ಚಳಿಗೆ ಅವು ತಿನ್ನೋದೇ ಕಮ್ಮಿ, ನೀವು ಮಾತ್ರ ಏಪ್ರಿಲ್‌ನಷ್ಟೇ ಹಾಕ್ತಾ ಹೋದರೆ ಮಿಕ್ಕಿದ್ದು ಕೊಳೆಯದೆ ಇನ್ನೇನಾಗುತ್ತೆ?

ಹಲಸನ್ನೆಲ್ಲ ಎತ್ತಿ ತೋಟಕ್ಕೆ ಹಾಕಿ. ತಳದ ತೂತು ಕಟ್ಟಿದ್ದರೆ ಕಡ್ಡಿ ಹಾಕಿ ಬಿಡಿಸಿ. ಹರಿದ ರಟ್ಟು, ತೆಂಗಿನ ನಾರು, ಒಣ ತರಗೆಲೆ ಧಾರಾಳವಾಗಿ ಸೇರಿಸಿ ಕೈಯಿಂದ ಮೆಲ್ಲಗೆ ಸಡಿಲ ಮಾಡಿ. ಮಳೆಯಲ್ಲಿ ಒಣ ಎಲೆ ಎಲ್ಲಿ ಸಿಗುತ್ತೆ ಅಂತೀರಾ? ಅದನ್ನು ಮಾರ್ಚ್‌ನಲ್ಲೇ ಗೋಣಿಚೀಲಕ್ಕೆ ತುಂಬಿ ಇಟ್ಟುಕೊಳ್ಳಬೇಕು. ವಾಸನೆ ಹೋಗುವವರೆಗೆ ಏನೂ ಹಾಕಬೇಡಿ, ಹುಳ ಉಪವಾಸ ಸಾಯಲ್ಲ. ಆಮೇಲೂ ಒಂದು ಮೂಲೆಗೆ ಮಾತ್ರ ಹಾಕಿ, ಅದು ಖಾಲಿಯಾದ ಮೇಲೆ ಇನ್ನೊಂದು ಮೂಲೆ.

ಸಗಣಿ ಹಾಕೋದಾದರೆ ಹಸಿ ಸಗಣಿ ಬೇಡ, ಎರಡು ಮೂರು ವಾರ ಹಳೆಯದು ಹಾಕಿ. ದನಕ್ಕೆ ಐವರ್‌ಮೆಕ್ಟಿನ್‌ನಂಥ ಜಂತುಹುಳದ ಔಷಧಿ ಕೊಟ್ಟಿದ್ದರೆ ಆ ಸಗಣಿ ಮುಟ್ಟಲೇಬೇಡಿ. ಇದರಲ್ಲಿ ನಾನು ಸ್ವಲ್ಪ ಅತಿಯಾಗಿಯೇ ಹೆದರುತ್ತೇನೆ, ಇರಲಿ.

ಪ್ರಶ್ನೆ: ತೋಟದ ಮಣ್ಣಿನ ಹುಳ ಹಿಡಿದು ಹಾಕಬಹುದಾ? (ಆಲೂರು)

ಉತ್ತರ: ಬೇಡ. ಮಣ್ಣಿನ ಆಳಕ್ಕೆ ಇಳಿಯುವ ಹುಳ ಬಕೆಟ್‌ನಲ್ಲಿ ಬಾಳಲ್ಲ. ಗೊಬ್ಬರಕ್ಕೆಂದೇ ಸಾಕುವ ಐಸೀನಿಯಾ ಫೆಟಿಡಾ ಅಥವಾ ಯೂಡ್ರಿಲಸ್ ಜಾತಿಯ ಹುಳ ತನ್ನಿ. ಹಾಸನದವರು ಕಂದಲಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಪ್ರಶ್ನೆ: ಹುಳವನ್ನು ಕತ್ತರಿಸಿದರೆ ಎರಡಾಗುತ್ತದಂತೆ? (ಬೇಲೂರು)

ಉತ್ತರ: ಆಗಲ್ಲ. ಬ್ಲೇಡ್ ಕೆಳಗಿಡಿ.

ಪ್ರಶ್ನೆ: ಕಾಫಿ ಹಣ್ಣಿನ ಸಿಪ್ಪೆ? (ಸಕಲೇಶಪುರ)

ಉತ್ತರ: ಹಾಕಿ, ಆದರೆ ಪಲ್ಪರ್‌ನಿಂದ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ನೇರವಾಗಿ ಬೇಡ. ರಾಶಿ ಹಾಕಿ, ಬಿಸಿ ಪೂರ್ತಿ ಇಳಿದ ಮೇಲೆ.

ಪ್ರಶ್ನೆ: ಬಕೆಟ್ ತಳದಿಂದ ಸೋರುವ ನೀರೇ ಗಿಡಕ್ಕೆ ಹಾಕುವ ಎರೆಜಲ ಅಲ್ವಾ? (ಕಡೂರು)

ಉತ್ತರ: ಅಲ್ಲ. ಅದು ಕೊಳೆತ ತರಕಾರಿಯ ರಸ. ಅದನ್ನೇ ಬಾಟಲಿಗೆ ತುಂಬಿ ಮಾರುವ ಮಹಾನುಭಾವರು ಸಂತೆಯಲ್ಲಿ ಇದ್ದಾರೆ. ಹೂವಿನ ಗಿಡದ ಬುಡಕ್ಕೆ ಬೇಕಾದರೆ ಜಾಸ್ತಿ ನೀರು ಬೆರೆಸಿ ಹಾಕಿ, ಹಸಿಯಾಗಿ ತಿನ್ನುವ ಕೊತ್ತಂಬರಿ ಸೊಪ್ಪಿಗೆ ಮಾತ್ರ ಸಿಂಪಡಿಸಬೇಡಿ.